ಕಜ್ಜಾಯ ತಿಂದ ಹಿರಿಯರು

ಬೆಳಿಗ್ಗೆಯಿಂದ ನನ್ನ ಮೈ ಉರಿಯುತ್ತಿದೆ, ನೀವೇ ನ್ಯಾಯ ಹೇಳಿ ಗೆಳತಿಯರೇ. ನಮ್ಮ ಯಜಮಾನರು ರಾತ್ರಿ ನಿದ್ದೆಗಣ್ಣಲ್ಲೇ ಎದ್ದು ಹೋಗಿ ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾರೆ. ಬುಡ್ಡಿದೀಪ ಹಿಡಿದು ಹೋಗಿ ನಾನೇ ಕಣ್ಣಾರೆ ನೋಡಿದ್ದೇನೆ. ಬೆಳಗಾದರೆ ಅವರಿಗೆ ಒಂದೂ ನೆನಪಿರುವುದಿಲ್ಲ. ಡಬ್ಬದ ಕೊಬ್ಬರಿ ಬೆಲ್ಲ ಖಾಲಿಯಾದಾಗಲೆಲ್ಲ ಅತ್ತೆ ನೋಡುವುದು ನನ್ನ ಮುಖವನ್ನೇ. ಹೋದ ವಾರ, "ಅರಳಗುಪ್ಪೇಲಿ ನಿಮ್ಮಪ್ಪ ಹೊಟ್ಟೆಗೆ ಇಕ್ತಿರಲಿಲ್ವೇನೇ?" ಎಂದು ಪಕ್ಕದ ಮನೆಗೂ ಕೇಳುವಂತೆ ಅಂದರು.

ನಿನ್ನೆ ಹಿರಿಯರ ಹಬ್ಬ. ಎಡೆ ಇಟ್ಟು, ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿದರೆ, ನಮ್ಮ ಮನೆಯಲ್ಲಿ ಅದನ್ನು ತೆಗೆಯುವುದು ಮಾರನೆಯ ಬೆಳಿಗ್ಗೆಯೇ. ಇವತ್ತು ತೆಗೆದು ನೋಡಿದರೆ ಆರು ಕಜ್ಜಾಯದಲ್ಲಿ ಒಂದೂ ಇಲ್ಲ!

ಅತ್ತೆ ಗಳಗಳನೆ ಅತ್ತರು. "ನಮ್ಮ ಮಾವ್ನೋರು ಬಂದಿದ್ರು ಕಣಪ್ಪ, ಅವ್ರಿಗೆ ಕಜ್ಜಾಯ ಅಂದ್ರೆ ಪ್ರಾಣ" ಎಂದು ಮಗನಿಗೆ ಹೇಳಿ ಎಡೆಗೆ ಅಡ್ಡಬಿದ್ದರು. ಪಕ್ಕದಲ್ಲೇ ಯಜಮಾನರೂ ಅಡ್ಡಬಿದ್ದು ಎದ್ದರು. ಅವರ ಮೀಸೆಯ ತುಂಬ ಗಸಗಸೆ!

"ಅತ್ತೆ, ನಿಮ್ಮ ಮಗನ ಮೀಸೆ ನೋಡಿ" ಎಂದೆ.

"ಬಾಯ್ಮುಚ್ಚೇ! ಹಿರೀಕರ ಮೇಲೇ ಅನುಮಾನ ಪಡ್ತೀಯಾ?"

ಯಜಮಾನರು ಕಣ್ಣೊರೆಸಿಕೊಂಡು, "ಸುಮ್ನಿರೇ, ತಾತ ಬಂದಿದ್ದು ದಿಟ ಕಣೇ. ರಾತ್ರಿ ನನ್ನ ಕನಸಲ್ಲೂ ಬಂದು ಕಜ್ಜಾಯ ಕೊಟ್ರು" ಎಂದರು.

ಆ ತಾತ ಬರುವುದು ವರ್ಷಕ್ಕೆ ಒಂದೇ ರಾತ್ರಿಯಂತೆ. ಮಿಕ್ಕ ರಾತ್ರಿಗಳಿಗೆಲ್ಲ ಅರಳಗುಪ್ಪೆಯವಳು ನಾನಿದ್ದೇನಲ್ಲ.