ಬೆಲ್ಲ-ನೀರಿನ ಬದಲು ಐಸ್

ಬ್ರಿಡ್ಜ್‌ವಾಟರ್ ಹತ್ತಿರ ಹೈವೇ ಬದಿಯ ಆ ಮೋಟೆಲ್ಲಿನಲ್ಲಿ ಐಸ್ ಯಾವತ್ತೂ ಪುಕ್ಕಟೆ. ಮಾಲೀಕ ಕರುಣಾಕರರ ಹೆಂಡತಿ ಜಲಜಾಕ್ಷಿಯವರಿಗೆ ಅದೇ ದೊಡ್ಡ ತಲೆಬಿಸಿ. ಪಿಕ್‌ನಿಕ್ಕಿಗೆ ಹೊರಟವರೆಲ್ಲ ಕೂಲರ್ ತಂದು ಐಸ್ ಯಂತ್ರವನ್ನೇ ಬರಿದು ಮಾಡುತ್ತಿದ್ದರು. ಅದಕ್ಕೆ ಹಾಕಲೆಂದು ಜಲಜಾಕ್ಷಿ ಒಂದು ಬೀಗವನ್ನೂ ತಂದಿಟ್ಟಿದ್ದರು.

"ಮಲ್ಪೆಯಲ್ಲಿ ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಟ್ಟು ದುಡ್ಡು ಕೇಳ್ತಿದ್ದೆವಾ ಮಾರಾಯ್ತಿ?" ಎನ್ನುತ್ತಿದ್ದರು ಕರುಣಾಕರ. "ಸೆಕೆಯಲ್ಲಿ ಡ್ರೈವ್ ಮಾಡಿ ಬಂದವ ಮೊದಲು ಹುಡುಕುವುದೇ ಐಸ್. ಅದಕ್ಕೂ ಚಾರ್ಜ್ ಮಾಡಿದರೆ ಮುಂದಿನ ಸಲ ಪಕ್ಕದ ಮೋಟೆಲ್ಲಿಗೆ ಹೋಗ್ತಾನೆ."

ಬೀಗ ಡ್ರಾಯರಿನಲ್ಲೇ ಉಳಿಯಿತು.

ಜುಲೈಯ ಒಂದು ಶನಿವಾರ ಬೆಳಿಗ್ಗೆ, ಆಫೀಸಿನ ಹಿಂದಿನ ಮನೆಯಲ್ಲಿ, ಕ್ಯಾನ್ಸರಿನಿಂದ ಸವೆದುಹೋಗಿದ್ದ ಕರುಣಾಕರ ತೀರಿಕೊಂಡರು. ನರ್ಸ್ ಬಂದು ನೋಡಿ, ಹೆಣ ಒಯ್ಯುವ ಫ್ಯೂನರಲ್ ಹೋಮಿನ ನಂಬರ್ ಕೊಟ್ಟು ಹೋದಳು. ಜಲಜಾಕ್ಷಿ ಫೋನ್ ಮಾಡಲಿಲ್ಲ. ಮಗಳು ಶ್ರದ್ಧಾ ಸಿಯಾಟಲ್‌ನಿಂದ ಹೊರಟಿದ್ದಳು. ಅವಳು ನೋಡಬೇಕಾದದ್ದು ಪೌಡರ್ ಹಚ್ಚಿ ಪೆಟ್ಟಿಗೆಯಲ್ಲಿಟ್ಟ ಅಪ್ಪನನ್ನಲ್ಲ, ತಮ್ಮದೇ ಮಂಚದ ಮೇಲೆ ಮಲಗಿದ ಅಪ್ಪನನ್ನು. ಮಲ್ಪೆಯಲ್ಲಾದರೆ ಮುಂಬಯಿಯಲ್ಲಿರುವ ನೆಂಟರು ಬಂದು ಮುಟ್ಟುವ ತನಕ ಮೀನಿನ ಫ್ಯಾಕ್ಟರಿಯಿಂದ ಐಸ್ ತಂದು ಹೆಣದ ಸುತ್ತ ಇಡುತ್ತಿದ್ದರು. ಜಲಜಾಕ್ಷಿ ಬಕೆಟ್ ಹಿಡಿದು ಹೊರಗೆ ಬಂದರು.

ಯಂತ್ರ ಖಾಲಿ.

ತಿಂಗಳಿಂದ ಅಲ್ಲೇ ರೂಮ್ ಹಿಡಿದಿದ್ದ ಹುಬ್ಬಳ್ಳಿ ಕಡೆಯ ಸುಮೀತ್ ಕೂಲರ್ ಎತ್ತಿ ಕಾರಿಗಿಡುತ್ತಿದ್ದ. "ಇವತ್ತೊಂದಿನ ಬೈಬ್ಯಾಡ್ರಿ ಆಂಟಿ, ಬಾರ್ಬೆಕ್ಯೂ ಐತಿ," ಎಂದು ನಕ್ಕ.

"ಅಂಕಲ್ ಹೋದರು. ಶ್ರದ್ಧಾ ಬರುವವರೆಗೆ ಐಸ್ ಬೇಕಿತ್ತು."

ಸುಮೀತ್ ಕೂಲರನ್ನು ಕೆಳಗಿಳಿಸಿದ. ಅದರೊಳಗಿನ ಕ್ಯಾನುಗಳನ್ನು ನೆಲಕ್ಕಿಟ್ಟು, ಐಸನ್ನೆಲ್ಲ ಬಕೆಟ್ಟಿಗೆ ಸುರಿದ. ಆಮೇಲೆ ರೂಮು ರೂಮಿನ ಬಾಗಿಲು ತಟ್ಟಿದ. ಜನ ತಮ್ಮ ತಮ್ಮ ಐಸ್ ಬಕೆಟ್ ತಂದುಕೊಟ್ಟರು. ಏಕೆಂದು ಒಬ್ಬರೂ ಕೇಳಲಿಲ್ಲ. ಜಲಜಾಕ್ಷಿ ಐಸನ್ನು ಚೀಲಗಳಲ್ಲಿ ಕಟ್ಟಿ, ಗಂಡನ ಪಕ್ಕೆಗೆ ಒಂದೊಂದಾಗಿ ಒತ್ತಿಟ್ಟರು.

ಮಧ್ಯಾಹ್ನ ಗುಡುಗು ಮಳೆ ಬಂತು. ಕರೆಂಟ್ ಹೋಯಿತು. ಎಸಿ ನಿಂತಿತು, ಐಸ್ ಯಂತ್ರವೂ ನಿಂತಿತು. ಮಳೆಯಿಂದಾಗಿ ಇಲ್ಲಿ ಇಳಿಯಲಾಗದೆ ಶ್ರದ್ಧಾಳ ವಿಮಾನ ದೂರದ ಬಾಸ್ಟನ್ನಿನಲ್ಲಿ ಇಳಿಯಿತು.

"ಕಾರ್ ರೆಂಟ್ ಮಾಡಿ ಬರ್ತಿದ್ದೇನೆ. ಪ್ಲೀಸ್ ವೇಟ್ ಮಾಡು ಅಮ್ಮಾ," ಎಂದು ಅಲ್ಲಿಂದ ಫೋನ್ ಮಾಡಿದಳು.

"ಆಯ್ತು ಮಗಾ. ಮೆಲ್ಲ ಬಾ."

ಅಂಗಡಿಯಲ್ಲಿ ಸಿಗಬಹುದೆಂದು ಹೋದ ಸುಮೀತ್, ದಾರಿಯಲ್ಲಿ ಮರ ಬಿದ್ದಿದೆಯೆಂದು ಬರಿಗೈಯಲ್ಲಿ ವಾಪಸಾದ. ಚೀಲಗಳು ನೀರಾದವು. ಜಲಜಾಕ್ಷಿ ಗಂಡನ ಮುಖವನ್ನೇ ನೋಡುತ್ತ ಕೂತಿದ್ದರು. ತುಟಿಯ ಬಣ್ಣ ತಿರುಗತೊಡಗಿತು. ಇದನ್ನು ಮಗಳು ನೋಡಬಾರದು ಅನ್ನಿಸಿತು. ರಸ್ತೆ ತೆರವಾದ ಕೂಡಲೇ ನರ್ಸ್ ಕೊಟ್ಟಿದ್ದ ನಂಬರಿಗೆ ಅವರೇ ಫೋನ್ ಮಾಡಿದರು.

ಕರುಣಾಕರರನ್ನು ಹೊತ್ತ ವ್ಯಾನ್ ಹೋದ ಮೇಲೆ, ಮುಸ್ಸಂಜೆಗೆ ಶ್ರದ್ಧಾ ಬಂದಳು. ಮಂಚ ಬರಿದಾಗಿತ್ತು. ಅಪ್ಪ ಮಲಗಿದ್ದ ತಗ್ಗಿನಲ್ಲಿ ಕೈಯಿಟ್ಟಳು. ಹಾಸಿಗೆ ಒದ್ದೆಯಾಗಿ, ಇನ್ನೂ ತಣ್ಣಗಿತ್ತು.

"ವೇಟ್ ಮಾಡ್ತೇನೆ ಅಂದಿದ್ದೆಯಲ್ಲ ಅಮ್ಮಾ."

ಅಷ್ಟರಲ್ಲಿ ಕರೆಂಟ್ ಬಂತು. ಹೊರಗೆ ಯಂತ್ರ ಐಸ್ ಉದುರಿಸತೊಡಗಿತು. ಯಾರೋ ಕೂಲರ್ ಎಳೆದುಕೊಂಡು ಬಂದ ಸದ್ದಾಯಿತು. ಜಲಜಾಕ್ಷಿ ಎದ್ದು ನೋಡಲಿಲ್ಲ.