ನುಂಗಿದರೆ ಸಾಕಾಗುವ ಊಟ

ಬಿಂಡಿಗನವಿಲೆಯ ದರ್ಜಿ ಚಲುವರಾಜುವಿನ ಹಲ್ಲುಗಳು ಇಪ್ಪತ್ತಾರಕ್ಕೇ ಬುಡ ಕೊಳೆತು ಅಲುಗಾಡುತ್ತಿದ್ದವು. ಎಲ್ಲ ದರ್ಜಿಗಳೂ ಹಲ್ಲಿನಲ್ಲಿ ಕಡಿಯುವ ದಾರವನ್ನು ಅವನು ಬ್ಲೇಡಿನಲ್ಲಿ ಕತ್ತರಿಸುತ್ತಿದ್ದ. ಮಾತಾಡುವಾಗ ಅಂಗೈ ಬಾಯಿಗೆ ಅಡ್ಡ ಬರುತ್ತಿತ್ತು. ಮನೆಯಲ್ಲಿ ಮಾತ್ರ ಯಾರಿಗೂ ಸುಳಿವು ಸಿಗಲಿಲ್ಲ. ಸಿಗುವುದಾದರೂ ಹೇಗೆ? ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಾರೆಯೇ ಹೊರತು ಅಗಿಯುವವರುಂಟೆ!

೧೯೯೬ರ ಬೇಸಿಗೆಯಲ್ಲಿ ನಾಗಮಂಗಲದ ಹಲ್ಲಿನ ಡಾಕ್ಟರು, ಅಷ್ಟನ್ನೂ ಕೀಳಿಸಿ ಕೃತಕ ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳುವುದೊಂದೇ ದಾರಿ ಎಂದರು. ಅವನು ವಾರವೆಲ್ಲ ಯೋಚಿಸಿ, ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ತಾಯಿ ಬೆಟ್ಟಮ್ಮನಿಗೆ ಹೇಳಿದ.

“ಈ ವಯಸ್ಗೆ ಸೆಟ್ಟಾ? ಎಣ್ಣು ಕೊಡೋರು ಏನಂದಾರು? ನಿಮ್ಮಜ್ಜಿ ಒಂದು ಹಲ್ಲೂ ಇಲ್ದೆ ಇಪ್ಪತ್ತು ವರ್ಷ ಮುದ್ದೆ ನುಂಗ್ಲಿಲ್ವೇನ್ಲಾ? ಸುಮ್ಕಿರು.”

“ಅಜ್ಜಿ ಬಾಯ್ತುಂಬ ನಗ್ತಿದ್ಲು ಕಣವ್ವ. ನಾನು ನಕ್ಕು ನಾಕು ವರ್ಷ ಆಯ್ತು.”

ಬೆಟ್ಟಮ್ಮ ಮುದ್ದೆಕೋಲನ್ನು ಪಾತ್ರೆಯಲ್ಲೇ ಬಿಟ್ಟು ಎದ್ದಳು. ಮಗನ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು.

“ಕೈ ತೆಗಿ. ಬಾಯಿ ಬುಡು, ನೋಡಾನ.”

ಒಲೆಯ ಮೇಲೆ ಹಿಟ್ಟು ಸೀಯುವ ವಾಸನೆ ಬರುವವರೆಗೂ ನೋಡಿದಳು.

“ನಾಗಮಂಗ್ಲದ ಮೊದಲ್ನೇ ಬಸ್ಸು ಎಷ್ಟೊತ್ತಿಗ್ಲಾ? ನಾನೂ ಬತ್ತೀನಿ.”