ಗುರುಸಿದ್ದವ್ವ ಹೇಳಿದ ಖರೆ ಮಾತು

ಬೆಟಗೇರಿಯಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಖಾಸಗಿ ಆಸ್ಪತ್ರೆಯೊಂದರ ಆಪರೇಷನ್ ಕೋಣೆಯಲ್ಲಿ ಗುರುಸಿದ್ದವ್ವ ಆಗಲೇ ನೆಲ ಒರೆಸಿ, ಕತ್ತರಿ ಚಿಮಟಗಳನ್ನು ಕ್ರಿಮಿ ಕೊಲ್ಲುವ ಹಬೆಯ ಡಬ್ಬಿಯಲ್ಲಿ ಇಡುತ್ತಿದ್ದಾರೆ. "ಚಪ್ಪಲ್ ಹೊರಗ ಬಿಟ್ಟ ಬರ್ರಿ," ಎಂದು, ಮಾತಾಡಿಸಲು ಹೋದ ನನಗೂ ಗದರಿಕೆ. ಬೆಳ್ಳಟ್ಟಿಯ ಈ ಹೆಣ್ಣುಮಗಳು ಗಂಡ ತೀರಿದ ಮೇಲೆ ಇಲ್ಲಿ ಕಸ ಹೊಡೆಯಲು ಬಂದವರು. ನೋಡಿ ನೋಡಿ ಕಲಿತು, ಈಗ ರೋಗಿಗಳನ್ನು ಶಸ್ತ್ರಕ್ರಿಯೆಗೆ ಸಜ್ಜು ಮಾಡುತ್ತಾರೆ. ದಿನಕ್ಕೆ ನಾಲ್ಕೈದು ಆಪರೇಷನ್. ಸಂಜೆಗೆ ಕಾಲುಗಳು ಬಾತಿರುತ್ತವೆ.

ಅವರನ್ನು ಕಾಡುತ್ತಿರುವುದು ಕಾಲುನೋವಲ್ಲ. ಸರ್ಜನ್ ಡಾ. ಕಾಂಚನಾ ತಮ್ಮ ಜೊತೆ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂಬ ಸಂಕಟ. ಇಬ್ಬರೂ ಒಂದೇ ಬುತ್ತಿಯ ರೊಟ್ಟಿ ತಿಂದವರು. "'ಅಕ್ಕಾ, ಇವತ್ತ ಪುಂಡಿಪಲ್ಯ ಐತೇನು?' ಅಂತ ಕೈಗೌಸು ತಗಿಯೂದ್ರಾಗ ಕೇಳತಿದ್ರು," ಎನ್ನುತ್ತಾರೆ.

ಆದದ್ದಿಷ್ಟು. ಆಪರೇಷನ್ ಯಾವ ಬದಿಗೋ ಆ ಬದಿಯ ಕೈಗೆ ಕೆಂಪು ದಾರ ಕಟ್ಟುವುದು ಇಲ್ಲಿಯ ಪದ್ಧತಿಯಾಗಿತ್ತು. ಮುಂಡರಗಿ ಕಡೆಯ ಸಕ್ರಪ್ಪನಿಗೆ ಹರ್ನಿಯಾ ಇದ್ದದ್ದು ಎಡಕ್ಕೆ. ವಾರ್ಡಿನಲ್ಲಿ ದಾರ ಕಟ್ಟಲು ಮರೆತರು. ಆತನ ಬಲಗೈಯಲ್ಲೋ, ಹೆಂಡತಿ ಗುಡಿಯಿಂದ ತಂದು ಕಟ್ಟಿದ ಕೆಂಪು ದಾರ! ಗುರುಸಿದ್ದವ್ವ ಅದನ್ನೇ ನಂಬಿ ಬಲಬದಿ ತೊಳೆದರು, ಡಾಕ್ಟರು ಚಾಕು ಎತ್ತಿದರು. ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಸಕ್ರಪ್ಪ ಎಚ್ಚರವಿದ್ದ. "ಯವ್ವಾ, ನನ್ನ ಬ್ಯಾನಿ ಎಡಕ್ಕೈತಿ, ನೀವು ಬಲಕ್ಕ ನಿಂತೀರಲ್ಲ?" ಎಂದ. ಸದ್ಯ, ಅನಾಹುತ ತಪ್ಪಿತು.

ತಪ್ಪಾದರೂ, ತಪ್ಪಾಗುವುದರಲ್ಲಿದ್ದರೂ ಆಸ್ಪತ್ರೆಯ ಸುರಕ್ಷತಾ ಸಮಿತಿಗೆ ತಿಳಿಸಬೇಕು, ಹೆಸರು ಗುಟ್ಟಾಗಿರುತ್ತದೆ ಎಂಬುದು ನಿಯಮ. ಗುರುಸಿದ್ದವ್ವ ತಿಳಿಸಿದರು. ಗುಟ್ಟಂತೆ! ಮೂರು ಮತ್ತೊಂದು ಜನರಿರುವ ಕೋಣೆಯಲ್ಲಿ ಗುಟ್ಟು ಎಲ್ಲಿಯದು? ಸಮಿತಿ ಶಿಕ್ಷೆಯನ್ನೇನೂ ಕೊಡಲಿಲ್ಲ, ಆದರೆ ಹತ್ತು ಮಂದಿಯ ಮುಂದೆ ಡಾ. ಕಾಂಚನಾ ಉತ್ತರ ಹೇಳಬೇಕಾಯಿತು. ಅಂದಿನಿಂದ ಬುತ್ತಿ ಬೇರೆಯಾಗಿದೆ.

"ನನ್ನ ಕೈಯಾಗೂ ತಪ್ಪಾಗಿತ್ರಿ, ಅದನ್ನೂ ಹೇಳೀನಿ. ಮೇಡಮ್ಮಾರ ಮ್ಯಾಲ ಚಾಡಿ ಹೇಳಿದ್ದಲ್ಲ. ನಾಳೆ ಇನ್ನೊಬ್ಬಾಂವಗ ಹಂಗ ಆಗಬಾರದಲ್ರಿ?"

ಈಗ ದಾರದ ಪದ್ಧತಿ ಇಲ್ಲ. ಡಾ. ಕಾಂಚನಾ ಖುದ್ದಾಗಿ ರೋಗಿಯನ್ನೇ ಕೇಳಿ ಮೈಮೇಲೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಹೋದ ವಾರ ಅವಸರದಲ್ಲಿ ಒಮ್ಮೆ ಗುರುತು ಹಾಕಲು ಮರೆತು, ಆಮೇಲೆ ನೆನಪಾಗಿ, ರೋಗಿಗೆ ಏನೂ ಆಗದಿದ್ದರೂ ಸಮಿತಿಗೆ ತಾವೇ ಹೋಗಿ ಹೇಳಿಕೊಂಡರು. ವಾರ್ಡಿನ ರಹಮಾನಸಾಬ ಈ ಖಬರ ತಂದಾಗ ಗುರುಸಿದ್ದವ್ವ ಹಿಗ್ಗಿದರಂತೆ.

"ಖುಷಿ ಆತ್ರಿ, ಸುಳ್ಳ್ಯಾಕ ಹೇಳ್ಲಿ," ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಸಮಿತಿಯವರಿಗೆ ಹೇಳಿದ್ರು. ದಿನಾ ಬಾಜೂಕ ನಿಂದ್ರಾಕಿ ನಾನು, ನನ್ನ ಮುಂದೊಂದೀಟು ಹೇಳಬಾರದಿತ್ತೇನ್ರಿ?"